ಎರಡನೇ ಚಮಚ

ಗಂಡ ಟೋರ್ಗ್ನಿಯ ಶವಪೆಟ್ಟಿಗೆಯ ಮೇಲೆ ಮೊದಲ ಹೂವಿಟ್ಟು ಬಂದು ಕೂತ ಹಿಲ್ಲೆವಿ ಮತ್ತೆ ಹಿಂತಿರುಗಿ ಚರ್ಚಿನ ಬಾಗಿಲು ನೋಡಿದಳು. ಊರವರು ಕೈಯಲ್ಲಿ ಒಂದೊಂದು ಹೂವು ಹಿಡಿದು ಸಾಲಾಗಿ ಮುಂದೆ ಹೋಗುತ್ತಿದ್ದರು. ಆ ಸಾಲಿನಲ್ಲಿ ಗಂಡನ ದೂರದೂರಿನ ಗೆಳೆಯ ಎಬ್ಬೆ ಇರಲಿಲ್ಲ.

“ಕತ್ತು ಉಳುಕುತ್ತೆ ಕಣೇ, ಮುಂದೆ ನೋಡು,” ಎಂದು ಪಕ್ಕದಲ್ಲಿದ್ದ ನಾದಿನಿ ಎಸ್ಟ್ರಿಡ್ ಪಿಸುಗುಟ್ಟಿದಳು.

“ಎಬ್ಬೆ ಬರ್ಲಿಲ್ಲ.”

“ಬರ್ತಾನೆ ಬಿಡು. ಅವನು ಮದುವೆಗೂ ತಡವಾಗಿ ಬಂದೋನು. ಅದೂ ಅವನದೇ ಮದುವೆಗೆ!”

ಹಿಲ್ಲೆವಿಗೆ ನಗು ಬರಲಿಲ್ಲ. ಪಾದ್ರಿ ಆಗಲೇ ಟೋರ್ಗ್ನಿಯ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದರು. ಶಾಲೆಯ ಬಸ್ಸು ಓಡಿಸುತ್ತಿದ್ದ, ಯಾರ ಮೇಲೂ ರೇಗಿದವನಲ್ಲ, ಗುಡ್ಡ ಅಲೆಯುವುದೆಂದರೆ ಪ್ರಾಣ. ಅಷ್ಟೇ. ಪಾಪ, ಅವರಾದರೂ ಇನ್ನೇನು ಹೇಳಿಯಾರು? ಒಂದೇ ಸೂರಿನ ಕೆಳಗೆ ಆಯುಸ್ಸು ಕಳೆದ ಹೆಂಡತಿಗೇ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಮನೆಯಲ್ಲಿ ಅವನ ಬಾಯಿಂದ ಬರುತ್ತಿದ್ದದ್ದು ಕಾಫಿ ಆಯ್ತಾ, ಹಿಮ ಬೀಳುತ್ತೆ, ಮಲಗ್ತೀನಿ, ಇಷ್ಟೇ.

ಆದರೆ ಪ್ರತಿ ಬೇಸಿಗೆ, ಆಗಸ್ಟಿನಲ್ಲಿ, ಅವನು ಬೆನ್ನಿಗೆ ಚೀಲ ಏರಿಸಿ ಎಬ್ಬೆಯ ಜೊತೆ ಗುಡ್ಡಕ್ಕೆ ಹೋಗುತ್ತಿದ್ದ. ಅಲ್ಲಿ ಮಾತಾಡಿಯೇ ಇರಬೇಕು. ಹೊರಗೆ ಮಳೆ ಹೊಡೆಯುತ್ತಿರುವಾಗ ಗೇಣುದ್ದದ ಟೆಂಟಿನೊಳಗೆ ಇಬ್ಬರು ಗಂಡಸರು ಎಷ್ಟು ಹೊತ್ತು ತೆಪ್ಪಗೆ ಕೂರಬಲ್ಲರು? ಎಬ್ಬೆಯ ಮೇಲೆ ಅವಳಿಗೆ ವರ್ಷಗಟ್ಟಲೆ ಹೊಟ್ಟೆಕಿಚ್ಚಿತ್ತು. ಈಗ ಅದೂ ಹೋಗಿ ಆಸೆಯೊಂದೇ ಉಳಿದಿತ್ತು. ಟೋರ್ಗ್ನಿ ಅಲ್ಲಿ ಏನು ಮಾತಾಡುತ್ತಿದ್ದ, ಒಮ್ಮೆಯಾದರೂ ತನ್ನ ಹೆಸರೆತ್ತಿದ್ದನೇ ಎಂದು ಎಬ್ಬೆಯನ್ನು ಕೇಳಬೇಕು. ಇವತ್ತು ಕೇಳದಿದ್ದರೆ ಇನ್ನು ಕೇಳುವುದಕ್ಕಾಗದು.

*

ಚಳಿಗಾಲದಲ್ಲಿ ಟೋರ್ಗ್ನಿ ಅಡಿಗೆಮನೆಯ ಕಿಟಕಿ ಪಕ್ಕ ಕೂತು ಭೂರ್ಜ ಮರದ ಚಮಚ ಕೆತ್ತುತ್ತಿದ್ದ. ನಮ್ಮ ಕಡೆ ಗಂಡಸರೆಲ್ಲ ಕೆತ್ತುತ್ತಾರೆ, ಹೆಚ್ಚಿನವರದು ಸೌದೆಗೆ ಹಿಡಿ ಇಟ್ಟ ಹಾಗಿರುತ್ತದೆ. ಇವನದು ಹಾಗಲ್ಲ. ಬೆನ್ನ ಮೇಲೆ ಹೊರುವ ಚೀಲದಲ್ಲಿ ಒಂದು ಗ್ರಾಂ ಹೆಚ್ಚಾದರೂ ಇವನಿಗೆ ಹೊಟ್ಟೆ ಉರಿ. ಚಮಚದ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವನು. ಮರದೊಳಗಿಂದ ಹೊರಗಿನ ಹಿಮದ ಬೆಳಕು ಕೆಂಪಗೆ ಕಾಣಿಸಿದರೆ ಸಾಕಷ್ಟು ತೆಳುವಾಯಿತೆಂದು ಲೆಕ್ಕ. ಅಲ್ಲಿಗೆ ಕತ್ತಿ ಕೆಳಗಿಡಬೇಕು. ಇಡುವವರು ಯಾರು? ಇನ್ನೊಂದೇ ಒಂದು ಸಿಪ್ಪೆ ತೆಗೆಯುತ್ತೇನೆಂಬ ಚಟ ಇಲ್ಲಿಯ ಯಾವ ಗಂಡಸನ್ನೂ ಬಿಟ್ಟಿಲ್ಲ. ಕತ್ತಿ ಆಚೆ ಬದಿಗೆ ತೂರಿ ಬರುತ್ತಿತ್ತು.

“ತೂತು ಬಿತ್ತಾ? ಒಳ್ಳೇದಾಯ್ತು, ಇನ್ನೂ ಹಗುರ,” ಎಂದು ಹಿಲ್ಲೆವಿ ಛೇಡಿಸುತ್ತಿದ್ದಳು. ಅವನು ಇನ್ನೊಂದು ಮರದ ತುಂಡು ಕೈಗೆತ್ತಿಕೊಳ್ಳುತ್ತಿದ್ದ. ಪ್ರತಿ ಚಳಿಗಾಲವೂ ಎರಡು ಚಮಚ.

“ಎರಡು ಯಾಕೋ?”

“ಒಂದು ಎಬ್ಬೆಗೆ.”

ಮದುವೆಯಾದ ಹೊಸತರಲ್ಲಿ ಅವಳೊಮ್ಮೆ, “ಈ ಸಲ ನಾನೂ ಬರ್ಲಾ?” ಎಂದು ಕೇಳಿದ್ದಳು.

“ಟೆಂಟಲ್ಲಿ ಇಬ್ಬರಿಗೇ ಜಾಗ,” ಎಂದ ಅವನು, ಚಮಚದಿಂದ ಕಣ್ಣೆತ್ತದೆ.

ಅವಳೂ ಹಟದವಳೇ. ಮತ್ತೆ ಕೇಳಲಿಲ್ಲ.

*

ಚರ್ಚಿನ ಪಕ್ಕದ ಸಭಾಂಗಣದಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಎಬ್ಬೆ ಕುಂಟುತ್ತ ಬಂದ. ಕೊರಳಲ್ಲಿ ಬಿಳಿ ಟೈ.

“ನೋಡು ಇವನ ಧೈರ್ಯ!” ಎಂದಳು ಎಸ್ಟ್ರಿಡ್. “ಬಿಳಿ ಟೈ ಹೆಣದ ಮನೆಯವರಿಗೆ. ಉಳಿದವರಿಗೆ ಕಪ್ಪು. ಇಷ್ಟು ವಯಸ್ಸಾಯ್ತು, ಅಷ್ಟೂ ಗೊತ್ತಿಲ್ವಾ?”

“ಅವನೂ ಮನೆಯವನೇ. ಕೂತ್ಕೊಳ್ಲಿ,” ಎಂದು ಹಿಲ್ಲೆವಿ ಕುರ್ಚಿ ಎಳೆದಳು.

ಎಬ್ಬೆ ಕೂತ. ಎಸ್ಟ್ರಿಡ್ ಬಡಿಸಿದ, ಬ್ರೆಡ್ಡಿನ ಮೇಲೆ ಸೀಗಡಿ ಹರಡಿದ ಕೇಕನ್ನು ಮುಟ್ಟಲಿಲ್ಲ. “ಬಸ್ಸು ತಪ್ಪೋಯ್ತು ಹಿಲ್ಲೆವಿ. ಹೂವಿಡೋಕೂ ಆಗ್ಲಿಲ್ಲ ನಂಗೆ.”

ಕೇಳಲು ಬಾಯಿ ತೆರೆದವಳ ಮೊಣಕೈಯನ್ನು ಅವನೇ ಹಿಡಿದುಕೊಂಡ.

“ನಿನ್ನ ಹತ್ರ ಒಂದು ಕೇಳಬೇಕು ಅಂತ ದಾರಿಯುದ್ದಕ್ಕೂ ಅಂದ್ಕೊಂಡು ಬಂದೆ. ಬೇಜಾರು ಮಾಡ್ಕೋಬೇಡ. ಅಲ್ಲಿ ಗುಡ್ಡದ ಮೇಲೆ, ನೀವಿಬ್ರೇ ಇದ್ದಾಗ... ಅವನು ನನ್ನ ನೆನೆಸ್ಕೋತಿದ್ನಾ?”

ಹಿಲ್ಲೆವಿ ಅವನನ್ನೇ ನೋಡಿದಳು. “ನಾವಿಬ್ರಾ?”

“ಮತ್ತೆ? ನನ್ನ ಮೊಣಕಾಲು ಕೈಕೊಟ್ಟ ಮೇಲೆ ನಾನು ಹೋಗಿದ್ದೆಲ್ಲಿ? ನನ್ನ ಮಗ ಆಗಿನ್ನೂ ಶಾಲೆಗೆ ಹೋಗ್ತಿದ್ದ. ಈಗ ಅವನ ತಲೇನೇ ಬೋಳು. ಆಗಸ್ಟ್ ಬಂದ್ರೆ ಫೋನ್ ಮಾಡ್ತಿದ್ದೆ. ಒಬ್ಬನೇ ಹೋಗ್ಬೇಡ್ವೋ ಅಂತಿದ್ದೆ. ‘ಹಿಲ್ಲೆವಿ ಬರ್ತಾಳೆ, ನೀನು ಕಾಲು ನೋಡ್ಕೋ’ ಅಂತಿದ್ದ. ಸುಳ್ಳು ಯಾಕೆ ಹೇಳ್ಲಿ, ನಿನ್ನ ಮೇಲೆ ಹೊಟ್ಟೆಕಿಚ್ಚು ಬಂದಿದೆ ನಂಗೆ.”

“ನಾನು ಹೋಗೇ ಇಲ್ಲ, ಎಬ್ಬೆ. ಒಂದ್ಸಲಾನೂ. ‘ಎಬ್ಬೆ ಕಾಯ್ತಿರ್ತಾನೆ’ ಅಂತ ಹೇಳಿ ಹೊರಡ್ತಿದ್ದ.”

ಎಸ್ಟ್ರಿಡಳ ಫೋರ್ಕು ತಟ್ಟೆಗೆ ತಗುಲಿ ಟಣ್ ಎಂದಿತು. “ಅಯ್ಯೋ ದೇವರೇ! ಹಾಗಾದ್ರೆ ಯಾರ ಜೊತೆ ಹೋಗ್ತಿದ್ದ? ಯಾವಳಾದ್ರೂ...”

ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಹಿಲ್ಲೆವಿಗೆ ಅನ್ನಿಸಿಬಿಟ್ಟಿತು. ಯಾರಾದರೂ ಸರಿ. ಆ ಮಳೆಯಲ್ಲಿ, ಆ ಟೆಂಟಿನಲ್ಲಿ, ಅವನ ಎದುರಿಗೆ ಯಾವಳಾದರೂ ಒಬ್ಬಳು ಕೂತಿದ್ದಿದ್ದರೆ.

“ಬಾ ಎಬ್ಬೆ,” ಎಂದು ಅವಳು ಎದ್ದಳು. “ಮನೇಗೆ ಹೋಗೋಣ.”

*

ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಟೋರ್ಗ್ನಿಯ ಬೆನ್ನಚೀಲ ಮೊಳೆಗೆ ನೇತಾಡುತ್ತಿತ್ತು. ಪಕ್ಕದ ಗೋಡೆಯ ತುಂಬ ಚಮಚಗಳು, ಒಂದೊಂದು ಬೇಸಿಗೆಯ ಜೋಡಿಯನ್ನೂ ದಾರದಲ್ಲಿ ಕಟ್ಟಿ ತೂಗುಹಾಕಿದ್ದ. ಹಿಲ್ಲೆವಿ ಅಲ್ಲಿಗೆ ಸೌದೆಗೆಂದು ಬರುತ್ತಿದ್ದಳೇ ಹೊರತು ಗೋಡೆಯ ಕಡೆ ಕಣ್ಣು ಹಾಯಿಸಿದವಳಲ್ಲ. ಗುಡ್ಡದ ಸಂಗತಿಯೆಂದರೆ ಎಬ್ಬೆಯ ಪಾಲಿನದು, ತನಗೇಕೆ ಎಂಬ ಬಿಗುಮಾನ.

ಎಬ್ಬೆ ಹಳೆಯದೊಂದು ಜೋಡಿಯನ್ನು ಇಳಿಸಿದ. ಎರಡೂ ತಿಂದು ತಿಂದು ಕಪ್ಪಾಗಿದ್ದವು. “ಇದು ನಂದು. ನೋಡು, ಹಲ್ಲಿನ ಗುರುತು.” ಆಮೇಲೆ ಇತ್ತೀಚಿನ ಜೋಡಿಗಳನ್ನು ಒಂದೊಂದಾಗಿ ತೆಗೆದ. ಪ್ರತಿ ಜೋಡಿಯಲ್ಲೂ ಒಂದು ಕಪ್ಪು, ಇನ್ನೊಂದರ ಬಟ್ಟಲು ಕೆತ್ತಿದ ದಿನದಷ್ಟೇ ಬಿಳಿ. ಹಿಡಿ ಮಾತ್ರ ಚೀಲದೊಳಗೆ ಉಜ್ಜಿ ಉಜ್ಜಿ ನುಣುಪಾಗಿ, ಹೊಗೆಯ ವಾಸನೆ ಹೊಡೆಯುತ್ತಿತ್ತು.

“ಹೊತ್ಕೊಂಡು ಹೋಗಿದಾನೆ ಕಣೇ,” ಎಂದ ಎಬ್ಬೆ. “ಚಹಾ ಪೊಟ್ಟಣದ ದಾರ ಕಿತ್ತು ಬಿಸಾಕ್ತಿದ್ದೋನು, ಭಾರ ಆಗುತ್ತೆ ಅಂತ. ಅಂಥೋನು ವರ್ಷಾ ವರ್ಷಾ...”

“ನಿನ್ನ ನೆನಪಿಗೆ ಇರ್ಬೇಕು.”

ಎಬ್ಬೆ ಬಿಳಿ ಚಮಚವನ್ನು ತುಟಿಗೆ ಹಿಡಿದು ತಲೆಯಾಡಿಸಿದ. “ನಂದು ಕಪ್ಪೆ ಬಾಯಿ. ನಂಗೆ ಕೆತ್ತಿದ್ದೆಲ್ಲ ಸೌಟಿನ ಥರ ಅಗಲ. ಇದು ಚಿಕ್ಕ ಬಾಯಿಗೆ ಮಾಡಿರೋದು.”

ಹಿಲ್ಲೆವಿ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಎಲೆಯಷ್ಟೂ ಭಾರವಿರಲಿಲ್ಲ. ಬಾಯಲ್ಲಿಟ್ಟು ನೋಡಿದಳು. ಎರಡೂ ಕಡೆ ಎಲ್ಲೂ ತಾಗದೆ, ಅಳೆದು ಮಾಡಿದ ಹಾಗೆ ಒಳಗೆ ಹೋಯಿತು.

ಅವಳು ಸರಕ್ಕನೆ ತಿರುಗಿ ಬೆನ್ನಚೀಲಕ್ಕೊಂದು ಗುದ್ದು ಕೊಟ್ಟಳು. “ಕೇಳೋಕೆ ಏನು ಧಾಡಿಯಾಗಿತ್ತು ನಿಂಗೆ? ಬಾ ಅಂದಿದ್ರೆ ಬರ್ತಿದ್ನಲ್ಲೋ! ಓಡಿ ಬರ್ತಿದ್ದೆ!” ಇನ್ನೊಂದು ಗುದ್ದು. ಚರ್ಚಿನಲ್ಲಿ ಬಾರದ ಅಳು ಈಗ ಬಂತು. ಎಬ್ಬೆ ತಡೆಯಲಿಲ್ಲ. ಬಿಳಿ ಟೈಯ ತುದಿಯಿಂದ ತನ್ನ ಕಣ್ಣನ್ನೂ ಒರೆಸಿಕೊಂಡ.

ಚೀಲದ ಪಕ್ಕದ ಜೇಬಿನಲ್ಲಿ, ಬರುವ ಬೇಸಿಗೆಗೆಂದು ಟೋರ್ಗ್ನಿ ತಂದಿಟ್ಟಿದ್ದ ಬ್ಲೂಬೆರಿ ಗಂಜಿಯ ಪುಡಿ ಇತ್ತು. ಹಿಲ್ಲೆವಿ ಮೂಗೊರೆಸಿಕೊಂಡು ಅಲ್ಲೇ ಅವನ ಪುಟ್ಟ ಸ್ಟೋವ್ ಹಚ್ಚಿದಳು, ಹೊಸ್ತಿಲಾಚೆಯ ಹಿಮ ಬಾಚಿ ಕರಗಿಸಿ ಗಂಜಿ ಕಾಯಿಸಿದಳು. ಎಬ್ಬೆಗೆ ಅವನದೇ ಹಲ್ಲಿನ ಗುರುತಿದ್ದ ಚಮಚ ಕೊಟ್ಟಳು. ಇಬ್ಬರೂ ಹೊಸ್ತಿಲ ಮೇಲೆ ಕೂತು ಒಂದೇ ಪಾತ್ರೆಯಿಂದ ತಿಂದರು. ಬಿಳಿ ಚಮಚದ ಒಣಮರ ಮೊದಲ ಸಲ ಗಂಜಿಯಲ್ಲಿ ಒದ್ದೆಯಾಗಿ ಅವಳ ತುಟಿಗೆ ಅಂಟಿಕೊಂಡಿತು. ಅವಳು ಬಿಡಿಸಿಕೊಂಡು ನೋಡಿದಳು. ಬಟ್ಟಲಿನ ಬಿಳುಪಿನೊಳಕ್ಕೆ ನೇರಳೆ ಬಣ್ಣ ಎಳೆ ಎಳೆಯಾಗಿ ಇಳಿಯುತ್ತಿತ್ತು.