ತಂಗಿಯ ಒಲೆ ಆರಿಸಿದವರು

ತಂಗಿ ಹೋದ ಸುದ್ದಿ ಬಂದಾಗ ನಾನು ದೇವರ ಮುಂದೆ ಕೈಮುಗಿದು ಕೂತಿದ್ದೆ. ಪ್ರಯೋಗಾಲಯದ ಮೆಟ್ಟಿಲಲ್ಲೇ ಎದೆ ಹಿಡಿದು ಕುಸಿದಳಂತೆ.

ಅಣು ವಿದ್ಯುತ್ ಸ್ಥಾವರದ ವಿಷಕಸವನ್ನು ಪಿಂಗಾಣಿಯೊಳಗೆ ಸೆರೆಹಾಕುವುದು ಅವಳ ಕೆಲಸ. ಕಸ ಸೇರಿಸಿ ಸುಟ್ಟ ಬಿಲ್ಲೆಯನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸಿ, ಪಾತ್ರೆಯನ್ನು ವಿದ್ಯುತ್ ಒಲೆಯೊಳಗಿಟ್ಟು, ನೀರಿಗೆ ವಿಷ ಎಷ್ಟು ಸೋರುತ್ತದೆಂದು ವರ್ಷಗಟ್ಟಲೆ ನೋಡುತ್ತಿದ್ದಳು. ಶಾಖ ಒಂದೇ ಸಮ ಇರಬೇಕು. ನಡುವೆ ತಣ್ಣಗಾದರೆ ಪಟ್ಟ ಪಾಡೆಲ್ಲ ವ್ಯರ್ಥ. "ನಾನು ಸತ್ರೂ ಆ ಒಲೆ ಆರಿಸ್ಬಾರ್ದು ಅಕ್ಕ" ಎಂದು ನಗುತ್ತಿದ್ದಳು. "ಬಿಡ್ತು ಅನ್ನು" ಎಂದು ಗದರುತ್ತಿದ್ದೆ.

ಸಂಜೆ ಅವಳ ಮೇಲಧಿಕಾರಿ ಮನೆಗೆ ಬಂದ.

"ಅಮ್ಮಾ, ಗೌರವ ಸೂಚಿಸೋಕೆ ಇವತ್ತೆಲ್ಲ ಅವರ ಕೋಣೇಲಿ ದೀಪ, ಯಂತ್ರ ಎಲ್ಲಾ ನಿಲ್ಲಿಸಿಬಿಟ್ವಿ."

"ಒಲೆನೂ?"

"ಒಲೆನೂ."

ಹೆಣ ಮನೆಯಲ್ಲಿತ್ತು, ಜಗಳ ತೆಗೆಯಲಿಲ್ಲ.

ಸಂತಾಪ ಸಭೆಯಲ್ಲಿ ಅದೇ ಮನುಷ್ಯ ವೇದಿಕೆ ಹತ್ತಿ, "ಅವರ ಪರೀಕ್ಷೆ ಯಶಸ್ವಿಯಾಗಿ ಮುಗಿದಿದೆ" ಎಂದ. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತೆ.

"ಮುಗಿದಿಲ್ಲಪ್ಪಾ. ನೀನು ಆರಿಸಿದ್ದೀಯ."

"ಒಂದಿನ ತಣ್ಣಗಾದ್ರೆ ಆಕಾಶ ಕಳಚಿ ಬೀಳುತ್ತಾ, ಅಮ್ಮಾ? ಅವರ ಹೆಸರು ಉಳೀಲಿ ಅಂತ..."

"ಸುಳ್ಳಿಗೆ ಅವಳ ಹೆಸರು ಅಂಟಿಸ್ಬೇಡ! ನಿನ್ನ ಮಾತು ನಂಬಿ ಆ ಬಿಲ್ಲೆಗಳನ್ನ ನೆಲದಲ್ಲಿ ಹೂತಿಡ್ತಾರೆ. ಮುಂದೆ ಅಲ್ಲಿ ಬಾವಿ ತೋಡಿ ನೀರು ಕುಡಿಯೋರು ಯಾರ ಮಕ್ಕಳು?"

ಹಿಂದಿನ ಸಾಲಿನಿಂದ ಗೊಣಗಪ್ಪ ಎದ್ದ. ತಂಗಿಯ ಪಕ್ಕದ ಮೇಜಿನವನು. ಅವಳೇ ಇಟ್ಟ ಅಡ್ಡಹೆಸರು.

"ಅಕ್ಕ ಹೇಳೋದು ಸರಿ. ಮೊದಲಿಂದ ಶುರು ಮಾಡ್ಬೇಕು. ಆ ಮಹಾತಾಯಿ ಇದ್ದಿದ್ರೆ ಒಲೆಗೆ ನಮ್ಮನ್ನೇ ಹಾಕಿರೋಳು."

ಒಬ್ಬಿಬ್ಬರು ನಕ್ಕು ಕಣ್ಣೊರೆಸಿಕೊಂಡರು. ಮೇಲಧಿಕಾರಿ ನನ್ನ ಮುಖ ನೋಡಲಿಲ್ಲ. "ಸರಿ, ಮಾಡಿ" ಎಂದು ಕೆಳಗಿಳಿದ. ತಪ್ಪಾಯಿತು ಎಂಬ ಮಾತು ಆ ಬಾಯಿಂದ ಬರಲೇ ಇಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಗೊಣಗಪ್ಪ ನನ್ನನ್ನು ಅವಳ ಕೋಣೆಯ ಗಾಜಿನ ಕಿಟಕಿಯ ಹೊರಗೆ ನಿಲ್ಲಿಸಿದ. ಹೊಸ ಬಿಲ್ಲೆಯ ಪಾತ್ರೆಯನ್ನು ಒಲೆಯೊಳಗಿಟ್ಟು ಗುಂಡಿ ಒತ್ತಿದ. ಪುಟ್ಟ ಕೆಂಪು ದೀಪ ಹತ್ತಿತು. ಅಲ್ಲೇ ಕೈಮುಗಿದೆ.

ದೇವರೇ, ಇದರ ಫಲ ನೋಡುವಷ್ಟು ಆಯುಸ್ಸು ನನಗೆ ಬೇಡ. ಈ ಒಲೆಯ ಚಿಂತೆ ಇನ್ನು ಇವರಿಗಿರಲಿ. ನನ್ನ ತಂಗಿ ಬಹಳ ದಣಿದಿದ್ದಾಳೆ. ನಿನ್ನ ಪಾದದ ಬಳಿ ಅವಳಿಗೆ ನೆಮ್ಮದಿಯ ನಿದ್ದೆ ಕೊಡು.