ಹಿಂದಿನ ದೀಪ

"ಜಾಕೀರಣ್ಣಾ, ಒಂದೀಟ ಬರ್ರಿ! ಹಿಂದ ನಿಂತ ದೀಪ ನೋಡಾಕ ಯಾರೂ ಇಲ್ರಿ."

ರಸ್ತೆಯಾಚೆಯಿಂದ ಶಿವಯೋಗಿ ಕೂಗಿದಾಗ ಜಾಕೀರನ ಮೈಯೆಲ್ಲ ಉರಿದುಹೋಯಿತು. ಸವಣೂರಿನಲ್ಲಿ ಗಾಡಿಗಳ ವೈರಿಂಗ್ ಅಂದರೆ ಜಾಕೀರ ಅನ್ನುತ್ತಿದ್ದ ಕಾಲವೊಂದಿತ್ತು. ಮೊನ್ನೆ ಮೊನ್ನೆ ಎದುರಿಗೆ ಅಂಗಡಿ ತೆರೆದ ಈ ಶಿವಯೋಗಿಯ ಮುಂದೆ ಇವತ್ತು ಗಾಲಿಯ ಮೇಲಿನ ಮನೆಯೊಂದು ಬಂದು ನಿಂತಿತ್ತು! ಒಳಗೆ ಹಾಸಿಗೆ, ಒಲೆ, ಕಿಟಕಿಗೆ ಪರದೆ. ಬೊಲೆರೊ ಹಿಂದೆ ಕಟ್ಟಿಕೊಂಡು ಎಲ್ಲಿಗೆ ಬೇಕಾದರೂ ಎಳೆದೊಯ್ಯಬಹುದು. ಮಾಡಿಸಿದವನು ಎಲೆತೋಟದ ಪ್ರಶಾಂತ. ಟ್ರ್ಯಾಕ್ಟರಿನ ಬಲ್ಬು ಹೋದರೂ ಜಾಕೀರನನ್ನೇ ಹುಡುಕಿ ಬರುತ್ತಿದ್ದವನು. ಬೆಳಗಿನಿಂದ ಮಂದಿ ಅದರ ಮುಂದೆ ನಿಂತು ಫೋಟೋ ಹೊಡೆದುಕೊಂಡದ್ದೇ ಹೊಡೆದುಕೊಂಡದ್ದು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಮುಚ್ಚಿಡುವುದೇನು ಬಂತು?

ಆದರೂ ಎದ್ದು ಹೋದ. ದೀಪ ನೋಡಲು ಕರೆದರೆ ಒಲ್ಲೆ ಅನ್ನುವ ರೂಢಿ ಆ ಅಂಗಡಿಸಾಲಿನಲ್ಲಿರಲಿಲ್ಲ. ಒಬ್ಬ ಒಳಗೆ ಕೂತು ಬ್ರೇಕ್ ಒತ್ತಬೇಕು, ಇನ್ನೊಬ್ಬ ಹಿಂದೆ ನಿಂತು ಹೇಳಬೇಕು. ಅವನು ಹೇಳಿದ್ದೇ ಖರೆ.

ಗಾಲಿಮನೆಯೊಳಗೆ ಪ್ರಶಾಂತನ ತಾಯಿ ಚೌಡವ್ವ ಆಗಲೇ ಹಾಸಿಗೆಯ ಮೇಲೆ ಕಾಲು ಚಾಚಿದ್ದಳು.

"ಮಾಸೂರ ಕೆರಿತನಕ ನಾ ಇದರಾಗ ಬರಾಕಿ. ಮಗಾ ದಾರ್ಯಾಗ ತಿನ್ನಾಕ ಖಾರಾ ತರಾಕ ಹೋಗ್ಯಾನ," ಎಂದವಳು ಕಿಟಕಿಗೆ ಮುಖ ತಂದಳು. "ಶಿವಯೋಗಿ ಭಾಳ ಶಾಣ್ಯಾ ಅದಾನ ನೋಡಪಾ. ಇಂಥಾ ಕೆಲಸ ಜಾಕೀರಗ ಎಲ್ಲಿ ಬರ್ತದವ್ವಾ ಅಂದ ನಮ್ಮ ಪ್ರಶಾಂತ."

ಅಯ್ಯೋ, ಮುದುಕಿ ಆ ಮಾತನ್ನು ನುಂಗಿಕೊಳ್ಳಬಾರದಿತ್ತೇ!

"ಬ್ರೇಕ್ ಒತ್ತೇನ್ರಿ!" ಬೊಲೆರೊದೊಳಗಿಂದ ಶಿವಯೋಗಿ ಕೂಗಿದ. "ಹತ್ತಿದ್ವೇನ್ರಿ?"

ಕೆಂಪು ದೀಪಗಳು ಒಮ್ಮೆ ಮಿಣುಕಿ ಆರಿಹೋದವು. ಜಾಕೀರ ಬಗ್ಗಿ ಎರಡೂ ಗಾಡಿ ಕೂಡುವ ಹುಕ್ಕನ್ನು ನೋಡಿದ. ಟ್ರ್ಯಾಕ್ಟರ್ ಟ್ರೇಲರಿಗೆ ಯಾರೂ ಎಳೆಯುವುದಿಲ್ಲವೆಂದು ಶಿವಯೋಗಿ ಇಲ್ಲೂ ಕರೆಂಟು ತಿರುಗಿ ಬರಲು ಅರ್ಥಿಂಗಿನ ಬೇರೆ ವೈರು ಎಳೆದಿರಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಸಾಕು ಅಂದುಕೊಂಡಿದ್ದ. ಹುಕ್ಕಿಗೆ ಹೊಸ ಬಣ್ಣ ದಪ್ಪಗೆ ಬಳಿದಿತ್ತು, ಕರೆಂಟು ದಾಟುತ್ತಿರಲಿಲ್ಲ. ಒಂದು ಮೊಳ ವೈರಿನಲ್ಲಿ ಸರಿಹೋಗುವ ಕೆಲಸ.

"ಹತ್ತಿದ್ವು," ಅಂದ ಜಾಕೀರ.

"ಎರಡೂ?"

"ಎರಡೂ."

ಖಾರದ ಪೊಟ್ಟಣ ಹಿಡಿದು ಪ್ರಶಾಂತ ಬಂದ. ಹೊತ್ತು ಮುಳುಗುತ್ತಿದ್ದಂತೆ ಗಾಡಿ ಹೊರಟಿತು. ಶಿವಯೋಗಿ ಜಾಕೀರನ ಕೈ ಹಿಡಿದು, "ನೀವಿದ್ರಿ ಅಂತ ಆತ್ರಿ ಅಣ್ಣಾ," ಅಂದ. ಜಾಕೀರ ಕೈ ಬಿಡಿಸಿಕೊಂಡ. ತಿರುವಿನಲ್ಲಿ ಎಮ್ಮೆ ಅಡ್ಡ ಬಂದು ಬೊಲೆರೊ ಗಕ್ಕನೆ ನಿಂತಿತು. ಹಿಂದೆ ಬರುತ್ತಿದ್ದ ಟಿಪ್ಪರು ಚೀರಿಕೊಂಡು, ಚೌಡವ್ವನ ಕಿಟಕಿಗೆ ಗೇಣು ದೂರದಲ್ಲಿ ನಿಂತಿತು.

ಜಾಕೀರ ಅಂಗಡಿಯ ಬಾಗಿಲು ಹಾಕದೆ ಬೈಕ್ ಹತ್ತಿದ.

ಹಾವೇರಿ ರಸ್ತೆಯಲ್ಲಿ ಬೊಲೆರೊದ ಪಕ್ಕಕ್ಕೆ ಹೋದ. ಪ್ರಶಾಂತ ನಕ್ಕು ಕೈಯೆತ್ತಿದ. ಹೇಳುವುದೇನು? ದೀಪ ಹತ್ತಿರಲಿಲ್ಲ, ಹತ್ತಿದವು ಅಂದೆ ಅನ್ನುವುದೇ? ಮತ್ತೆ ಹಿಂದಕ್ಕೆ ಸರಿದು, ಕತ್ತಲಾಗುತ್ತಿದ್ದ ಗಾಲಿಮನೆಯ ಬೆನ್ನಿಗೆ ಅಂಟಿಕೊಂಡೇ ಸಾಗಿದ.

ಹಿಂಬದಿಯ ಕಿಟಕಿಯ ಪರದೆ ಸರಿಯಿತು.

"ಸಾಕ ಬಿಡಪಾ, ಎಲ್ಲೀತನಕ ಕಳಸಾಕ ಬರ್ತಿ?" ಚೌಡವ್ವ ಕಕ್ಕುಲಾತಿಯಿಂದ ಕೂಗಿದಳು. "ಮನಿಗೆ ಹೋಗು!"

ಮುಂದೆ ಗಾಡಿ ನಿಧಾನವಾಯಿತು. ಹಿಂದಿನಿಂದ ಲಾರಿಯ ಬೆಳಕು ಬಂತು. ಜಾಕೀರ ತನ್ನ ಬ್ರೇಕನ್ನು ಒತ್ತಿ ಹಿಡಿದ; ಬೈಕಿನ ಹಿಂದೆ ಕೆಂಪು ದೀಪ ಹತ್ತಿತು.