ಎಣಿಕೆಯ ನಡುವೆ

ಖಾಜಾಸಾಬ ಎಡಗೈ ಎತ್ತಿದ. ಬಾಗಿಲಲ್ಲಿ ನಿಂತಿದ್ದ ಬಿಂದುಮಾಧವರ ಬಾಯಿಗೆ ಬಂದಿದ್ದ ನಮಸ್ಕಾರ ಅಲ್ಲೇ ಉಳಿಯಿತು. ಅವರು ಸರಕಾರಿ ಐಟಿಐಯ ತರಬೇತಿ ಅಧಿಕಾರಿ. ಗಬ್ಬೂರ ಬೈಪಾಸಿನ ಪಕ್ಕದ ಈ ಮೋಟಾರು ರಿಪೇರಿ ಅಂಗಡಿಗೆ ಮೂರನೆಯ ಸಲ ಬಂದಿದ್ದರು, ಹಾಗಾಗಿ ಆ ಕೈಯ ಅರ್ಥ ಗೊತ್ತಿತ್ತು. ಎಣಿಕೆ ನಡೆದಿದೆ, ಸುಮ್ಮನಿರಿ. ಫೈಲನ್ನು ಕಂಕುಳಲ್ಲಿ ಒತ್ತಿಕೊಂಡು ಕಾಯುತ್ತ ನಿಂತರು.

ಬೋರ್‌ವೆಲ್ ಮೋಟಾರು ಸುತ್ತುವ ಕೆಲಸವೇ ಅಂಥದ್ದು. ಬೇರೆ ಮೋಟಾರಾದರೆ ತಂತಿಯನ್ನು ಯಂತ್ರಕ್ಕೆ ಹಚ್ಚಿ ಗರಗರ ತಿರುಗಿಸಿದರಾಯಿತು, ಎಣಿಸಲಿಕ್ಕೆ ಅದರಲ್ಲೇ ಮೀಟರು ಇರುತ್ತದೆ. ಇದಕ್ಕೆ ಆ ಸುಖವಿಲ್ಲ. ಉದ್ದನೆಯ ಕೊಳವೆಯಂಥ ಮೋಟಾರಿನ ಒಳಗಿನ ಸಂದುಗಳಲ್ಲಿ ತಂತಿಯನ್ನು ಈ ತುದಿಯಿಂದ ಕೈಯಲ್ಲೇ ತೂರಿಸಿ, ಆ ತುದಿಯಿಂದ ಎಳೆದು, ಮತ್ತೆ ಈಚೆಗೆ ತರಬೇಕು. ಒಂದು ಕಾಯಿಲಿಗೆ, ಅಂದರೆ ತಂತಿಯ ಒಂದು ಸುರುಳಿಗೆ, ನಲವತ್ತಾರು ಸುತ್ತು. ನಾಲ್ಕು ಹೆಚ್ಚುಕಮ್ಮಿಯಾದರೆ ಮೋಟಾರು ಮುನ್ನೂರು ಅಡಿ ಕೆಳಗೆ ನೀರಿನಲ್ಲಿದ್ದೂ ಸುಟ್ಟುಕೊಂಡು ಕೂರುತ್ತದೆ. ಅಂದಾಜಿನ ಮಾತೇ ಇಲ್ಲ, ಲೆಕ್ಕ ತಪ್ಪಿದರೆ ಎಲ್ಲ ಬಿಚ್ಚಿ ಮೊದಲಿನಿಂದ. ಇದನ್ನು ಕಲಿಸಿದ ಬೀರಪ್ಪ ಮೇಸ್ತ್ರಿ ಎಣಿಕೆಯ ನಡುವೆ ಬಾಯಿ ಬಿಟ್ಟವರ ತಲೆಗೆ ಮೊಟಕುತ್ತಿದ್ದ. ಮನೆಯಲ್ಲಿ ಉರ್ದು ಆಡಿ ಬೆಳೆದ ಖಾಜಾಸಾಬ ಅವನಿಂದಾಗಿಯೇ ಇವತ್ತಿಗೂ ಮನಸ್ಸಿನಲ್ಲಿ ಎಣಿಸುವುದು ಕನ್ನಡದಲ್ಲಿ.

"ಹೂಂ, ಹೇಳ್ರಿ ಸಾಹೇಬ್ರ," ಅಂದ, ನಲವತ್ತಾರು ಮುಗಿದ ಮೇಲೆ.

"ಗುರುವಾರ ಕಮಿಟಿ ಬರತೈತಿ ಕಾಕಾ. ಇಲಾಖೆಯಿಂದ ಮಯೂರಿ ಮೇಡಮ್, ಕಾರ್ಖಾನಿ ಮಾಲಕರ ಸಂಘದಿಂದ ರಾಜೀವ ಅಂತ, ಸಾಲಿ ಕಡಿಂದ ನಾನು. ನಿಮ್ಮ ಕೆಲಸಾ ನೋಡತಾರ. ಒಂದ ತಾಸಿನ್ಯಾಗ ಎರಡು ಕಾಯಿಲ್ ಮುಗಿಸಿ ತೋರಸ್ರಿ ಸಾಕು. ಆರು ತಿಂಗಳು ಇಬ್ಬರನ್ನ ನಿಮ್ಮ ಕಡೆ ಕಲಿಯಾಕ ಕಳಸತೇವಿ."

"ದಿನಾ ಬರತಾರನ್ರಿ?"

"ರವಿವಾರ ಬಿಟ್ಟು ದಿನಾ."

"ಊಟಾ ಇಲ್ಲೇ ಮಾಡತಾರನ್ರಿ?"

"ಡಬ್ಬಿ ತರತಾರ್ರಿ." ಬಿಂದುಮಾಧವರಿಗೆ ನಗು ಬಂತು. ಹಿಂದಿನ ಸಲವೂ ಈ ಮನುಷ್ಯ ಕೇಳಿದ್ದು ಇವೆರಡೇ. ಸರಕಾರ ಏನು ಕೊಡುತ್ತದೆ, ಯಾವಾಗ ಕೊಡುತ್ತದೆ ಎಂದು ಉಳಿದ ಅಂಗಡಿಯವರು ಜೀವ ತಿಂದಿದ್ದರು.

ಸಾಲಿ, ಕಾರ್ಖಾನೆ, ಸರಕಾರ ಮೂರೂ ಕೂಡಿ ಹುಡುಗರಿಗೆ ಕೆಲಸ ಕಲಿಸಬೇಕು ಎಂಬುದು ಯೋಜನೆ. ಕಾಗದದಲ್ಲಿ ಮೂರೂ ಕೂಡಿಯೂ ಆಗಿದ್ದವು. ಆದರೆ ಹುಡುಗರು ಹೋಗುತ್ತಿದ್ದದ್ದು ದೊಡ್ಡ ಕಾರ್ಖಾನೆಗಳಿಗೆ, ಅಲ್ಲಿ ಅವರ ಕೈಗೆ ಬರುತ್ತಿದ್ದದ್ದು ಡಬ್ಬಿಗೆ ಸ್ಟಿಕರ್ ಅಂಟಿಸುವ ಕೆಲಸ. ಸಣ್ಣ ಅಂಗಡಿಗಳನ್ನೂ ಸೇರಿಸಿರೆಂದು ಎರಡು ವರ್ಷ ಬಡಿದಾಡಿ ಬಿಂದುಮಾಧವರು ಗಿಟ್ಟಿಸಿದ್ದು ಇದೊಂದೇ ಅವಕಾಶ.

ಖಾಜಾಸಾಬನಿಗೆ ಬೇಕಾಗಿದ್ದದ್ದು ಮಾತು. ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ, ಹೇಳಲಿಕ್ಕೆ ನಾಚಿಕೆ. ಹೆಂಡತಿ ಅಬೀದಾ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆ ಅಂಗಡಿಯ ಹಿಂದೆಯೇ. ನಡುವಿನ ಬಾಗಿಲಲ್ಲಿ ಅವಳು ಏನಾದರೊಂದು ಸುದ್ದಿ ಹಿಡಿದುಕೊಂಡು ಬಂದು ನಿಲ್ಲುವಳು, ಇವನು ಎಡಗೈ ಎತ್ತುವನು, ಅವಳು ಕಾಯುವಳು. ಮೂವತ್ತೊಂದು ವರ್ಷ ಹೀಗೇ ನಡೆಯಿತು. ಒಮ್ಮೆ ಬಂದವಳು ಬಹಳ ಹೊತ್ತು ನಿಂತಿದ್ದಳು. ಎಣಿಕೆ ಮುಗಿಸಿ "ಏನು?" ಅಂದರೆ "ಏನಿಲ್ಲ ಬಿಡ್ರಿ" ಅಂದು ಒಳಗೆ ಹೋದಳು. ಏನು ಹೇಳಲಿಕ್ಕೆ ಬಂದಿದ್ದಳೋ. ಇವನೂ ಬೆನ್ನು ಹತ್ತಿ ಕೇಳಲಿಲ್ಲ, ಮುಂದಿನ ಕಾಯಿಲು ಕಾಯುತ್ತಿತ್ತಲ್ಲ.

ಮಗಳು ರುಕ್ಸಾನಾ ಗದಗಿನಲ್ಲಿದ್ದಾಳೆ. ಪ್ರತಿ ಶುಕ್ರವಾರ ಫೋನು ಮಾಡುತ್ತಾಳೆ. ಅವಳ ಮೊದಲ ಮಾತೇ "ಎಣಸಾಕತ್ತೀರೇನಬ್ಬಾ?" ಇಲ್ಲ ಮಗಳೇ, ಸುಮ್ಮನೆ ಕೂತಿದ್ದೇನೆ ಎಂದರೂ ಎರಡೇ ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸುತ್ತಾಳೆ. ಸಣ್ಣವಳಿದ್ದಾಗಿನಿಂದ ಬಿದ್ದ ರೂಢಿ, ಅವಳನ್ನು ಅಂದು ಏನು ಪ್ರಯೋಜನ?

ಇಬ್ಬರು ಬರುತ್ತಾರೆ ಅಂದ ಮೇಲೆ ಖಾಜಾಸಾಬ ಎರಡು ಸ್ಟೂಲು ತಂದ. ಗೋಡೆಗೆ ಸುಣ್ಣ ಹೊಡೆಸಿದ. ಬರುವವರು ಮಾಂಸ ತಿನ್ನದವರಾಗಿದ್ದರೆ ಇರಲಿ ಎಂದು ಚಹಾಕ್ಕೆ ಬೇರೆ ಪಾತ್ರೆಯನ್ನೂ ತಂದಿಟ್ಟ. ಇದನ್ನೆಲ್ಲ ನೋಡಿ ಎದುರಿನ ಪಂಕ್ಚರ್ ಅಂಗಡಿಯ ಹುಲಗೇಶ "ಏನ್ ಕಾಕಾ, ನಿಕಾ ಗಿಕಾ ಐತೇನ್ ಮತ್ತ?" ಎಂದು ಕಾಡಿಸಿದ. ಖಾಜಾಸಾಬ ಬೈಯಲಿಲ್ಲ, ನಕ್ಕ.

ಗುರುವಾರ ಹನ್ನೊಂದಕ್ಕೆ ಕಮಿಟಿ ಬಂತು. ಐಟಿಐಯ ನಾಲ್ವರು ವಿದ್ಯಾರ್ಥಿಗಳೂ ಜೊತೆಗಿದ್ದರು, ಅವರಲ್ಲಿ ಒಬ್ಬಳೇ ಹುಡುಗಿ, ಕಲಘಟಗಿ ಕಡೆಯ ದ್ರಾಕ್ಷಾಯಿಣಿ. ಬಿಂದುಮಾಧವರು ಅವರನ್ನು ಹೊರಗೇ ನಿಲ್ಲಿಸಿ, "ಒಳಗ ಯಾರೂ ಮಾತಾಡಂಗಿಲ್ಲ. ಕಾಕಾ ಎಣಸತಾರ. ತಿಳೀತಿಲ್ಲೋ?" ಎಂದು ಎರಡು ಸಲ ಹೇಳಿದರು. ಒಳಗೆ ಬಂದು ಖಾಜಾಸಾಬನ ಕಿವಿಯಲ್ಲೂ ಅಂದರು: "ಬಾಕಿ ಏನೂ ಹಚ್ಚಿಕೋಬ್ಯಾಡ್ರಿ. ಎರಡು ಮುಗಿಸಿಬಿಡ್ರಿ."

ಮಯೂರಿ ಗಡಿಯಾರ ನೋಡಿ ಬರೆದುಕೊಂಡರು. ಖಾಜಾಸಾಬ ಬಿಸ್ಮಿಲ್ಲಾ ಅಂದು ತಂತಿ ಹಿಡಿದ.

ಮೊದಲ ಕಾಯಿಲು ಇಪ್ಪತ್ತೇಳು ನಿಮಿಷಕ್ಕೆ ಮುಗಿಯಿತು. ರಾಜೀವನಿಗೆ ರಾಯಾಪುರದಲ್ಲಿ ಸ್ವಂತ ಕಾರ್ಖಾನೆ, ಕೆಲಸ ಗೊತ್ತಿದ್ದವನು. ಬಗ್ಗಿ ನೋಡಿ, "ಎಂಥಾ ಕೈ ಐತ್ರಿ ಇವರದು," ಎಂದು ಮೆಲ್ಲಗೆ ಅಂದ. ಬಿಂದುಮಾಧವರ ಮುಖ ಅರಳಿತು. ಎರಡನೆಯದು ಶುರುವಾಯಿತು. ಹತ್ತು, ಇಪ್ಪತ್ತು, ಮೂವತ್ತು. ಕೈ ತಾನಾಗಿ ಓಡುತ್ತಿತ್ತು.

"ಸರ, ತಂತಿ ಎಳಿಯುವಾಗ ಪ್ರತಿ ಸಲ ಹೆಬ್ಬೆಟ್ಟಿಂದ ಸವರತೀರಲ್ರಿ, ಅದು ಯಾಕ್ರಿ?"

ಕೇಳಿದವಳು ದ್ರಾಕ್ಷಾಯಿಣಿ. ಖಾಜಾಸಾಬನ ಎಡಗೈ ಮೇಲೆದ್ದಿತು. ಬಿಂದುಮಾಧವರು ಹುಡುಗಿಯನ್ನು ಕಣ್ಣಲ್ಲೇ ಗದರಿಸಿದರು. ಅವಳು ಒಂದು ಹೆಜ್ಜೆ ಹಿಂದೆ ಸರಿದು, "ಏನಿಲ್ರಿ," ಅಂದಳು.

ಮೂವತ್ನಾಲ್ಕು, ಮೂವತ್ತೈದು. ತಂತಿ ಅಲ್ಲಿಗೆ ನಿಂತಿತು. ಖಾಜಾಸಾಬ ಎತ್ತಿದ ಕೈಯನ್ನು ಕೆಳಗಿಳಿಸಿದ.

"ಬಾ ಇಲ್ಲೆ," ಅಂದ. "ತಂತಿ ಮ್ಯಾಲೆ ಪ್ಲಾಸ್ಟಿಕ್ಕಿನ ಸಿಪ್ಪಿ ಐತಿ ನೋಡು. ಅದು ಎಲ್ಲೆರೆ ಕೂದಲಷ್ಟು ಹರದಿದ್ರೂ ನೀರು ಒಳಗ ಹೋಗತೈತಿ, ಮೋಟಾರು ಹೋತಂತನ. ಕಣ್ಣಿಗೆ ಕಾಣಂಗಿಲ್ಲ ಅದು, ಹೆಬ್ಬೆಟ್ಟಿಗೆ ತಿಳೀತೈತಿ. ಹಿಡಿ. ಎಳಿ. ಮೆತ್ತಗ."

ಅವಳು ಎಳೆದಳು.

"ಏನರ ಹತ್ತಿತು ಬೆರಳಿಗೆ?"

"ಇಲ್ರಿ."

"ಕಣ್ಣು ಮುಚ್ಚಿಕೊಂಡು ಎಳಿ."

ಮೂರನೆಯ ಸಲಕ್ಕೆ ಅವಳ ಬೆರಳು ನಿಂತಿತು. "ಇಲ್ಲೆ ಏನೋ ಐತ್ರಿ." ಖಾಜಾಸಾಬ ಸವರಿ ನೋಡಿದ. ಐತಿ. ಅವನ ಹೆಬ್ಬೆರಳಿಗೆ ಸಿಕ್ಕದೆ ದಾಟಿಹೋದ ಗಾಯ. ನಲವತ್ತು ವರ್ಷದಲ್ಲಿ ಇಂಥ ಸಂತೋಷ ಅವನಿಗೆ ಯಾವ ಮೋಟಾರೂ ಕೊಟ್ಟಿರಲಿಲ್ಲ. ಹಾಗಾದರೆ ಏನು ಮಾಡಬೇಕು, ಎಲ್ಲಿ ಕತ್ತರಿಸಬೇಕು, ಟೇಪು ಹೇಗೆ ಸುತ್ತಬೇಕು ಎಂದು ಹೇಳುತ್ತ ಹೋದ. ಉಳಿದ ಮೂವರೂ ಹತ್ತಿರ ಬಂದರು. ಬೀರಪ್ಪ ಮೇಸ್ತ್ರಿ ಮೊಟಕಿದ್ದನ್ನೂ ಹೇಳಿದ. ಎಲ್ಲರೂ ನಕ್ಕರು, ಮಯೂರಿ ಕೂಡ. ಆಮೇಲೆ ತಂತಿಯ ಕಡೆ ತಿರುಗಿ ನೋಡಿದರೆ ಎಷ್ಟಾಗಿತ್ತೋ ನೆನಪಿಲ್ಲ. ಸುಮ್ಮನೆ ಬಿಚ್ಚತೊಡಗಿದ.

ತಾಸು ಮುಗಿದಾಗ ಎರಡನೆಯ ಕಾಯಿಲಿಗೆ ಒಂಬತ್ತು ಸುತ್ತು ಬಿದ್ದಿದ್ದವು.

"ಕಲಿಸೋದನ್ನ ನೀವ ನೋಡಿದ್ರಲ್ಲ ಮೇಡಮ್," ಅಂದರು ಬಿಂದುಮಾಧವರು.

"ನೋಡಿದೆ. ಛಲೋ ಕಲಿಸಿದ್ರು." ಮಯೂರಿ ಕೈಯಲ್ಲಿದ್ದ ಹಾಳೆಯನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ಓದಿದರು. "ಇದರಾಗ ಕೇಳಿದ್ದು ಕೆಲಸಾ ಮುಗೀತೋ ಇಲ್ಲೋ ಅಂತ ಅಷ್ಟರಿ. ಮುಗದಿಲ್ಲ. ನನಗ ಸುಳ್ಳು ಬರೀಲಿಕ್ಕೆ ಬರಂಗಿಲ್ಲ. ಮುಂದಿನ ವರ್ಷ ಮತ್ತ ನೋಡೂಣು."

ಹುಡುಗರು ಸದ್ಯಕ್ಕೆ ತನ್ನ ಕಾರ್ಖಾನೆಗೇ ಬರಲಿ ಎಂದ ರಾಜೀವ. ಕೆಟ್ಟ ಮನುಷ್ಯನಲ್ಲ, ಹೋಗುವಾಗ ಖಾಜಾಸಾಬನ ಎರಡೂ ಕೈ ಹಿಡಿದು ಹೋದ. ದ್ರಾಕ್ಷಾಯಿಣಿ ಮಾತ್ರ ಬಾಗಿಲಲ್ಲಿ ನಿಂತು, "ನನ್ನಿಂದ ಆತಲ್ರಿ," ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

"ನೀ ಕೇಳಿದ್ದು ಖರೇ ಇತ್ತವ್ವಾ," ಅಂದ ಖಾಜಾಸಾಬ. "ಅಲ್ಲೂ ಕೇಳು. ಬಿಡಬ್ಯಾಡ."

ಎಲ್ಲರೂ ವ್ಯಾನು ಹತ್ತಿದ ಮೇಲೂ ಬಿಂದುಮಾಧವರು ಒಳಗೇ ಇದ್ದರು. ಅವರಿಗೆ ಸಿಟ್ಟು ಬಂದಿತ್ತು. "ಕೈ ಎತ್ತಿದ್ರಿ. ಹತ್ತು ನಿಮಿಷ ಅದನ್ನ ಹಂಗ ಇಟ್ಟಿದ್ರ ಮುಗೀತಿತ್ತಲ್ಲ ಕಾಕಾ. ಆರು ತಿಂಗಳು ದಿನಾ ಕೇಳತಿದ್ರು ಅವರು ನಿಮ್ಮನ್ನ."

"ಹೌದ್ರಿ."

"ಮತ್ತ?"

"ಏನಿಲ್ಲ ಅಂದ್ಲಲ್ರಿ ಅಕಿ," ಅಂದ ಖಾಜಾಸಾಬ. ಅವನ ಕಣ್ಣು ಮನೆಯ ಕಡೆಯ ನಡುವಿನ ಬಾಗಿಲಿಗೆ ಹೋಯಿತು. ಬಿಂದುಮಾಧವರಿಗೆ ಅರ್ಥವಾಗಲಿಲ್ಲ. ಫೈಲು ಎತ್ತಿಕೊಂಡು, ಬರತೇನಿ ಅಂದು ಹೋದರು.

ಮೋಟಾರಿನ ಯಜಮಾನ ಸೋಮವಾರ ಬರುವವನಿದ್ದ. ಖಾಜಾಸಾಬ ಒಂಬತ್ತು ಸುತ್ತನ್ನೂ ಬಿಚ್ಚಿ, ತಂತಿ ನೇರ ಮಾಡಿಕೊಂಡು ಕುಳಿತ. ಮಧ್ಯಾಹ್ನದ ಬಿಸಿಲಿಗೆ ಎದುರಿನ ಹುಲಗೇಶ ಅರ್ಧ ಬಾಗಿಲು ಎಳೆದು ಮಲಗಿದ್ದ. "ಒಂದು," ಅಂದ ಖಾಜಾಸಾಬ, ಗಟ್ಟಿಯಾಗಿ. ತನ್ನ ದನಿ ತನಗೇ ಹೊಸದೆನ್ನಿಸಿತು. "ಎರಡು. ಮೂರು." ಮುನ್ನೂರು ಅಡಿಯ ಬಾವಿಗೆ ಹೋಗುವ ಮೋಟಾರಿನ ಮುಂದೆ ಕುಳಿತು ಒಂದೊಂದನ್ನೂ ಬಿಡಿಸಿ, ಯಾರಿಗೋ ಹೇಳಿಕೊಡುವ ಹಾಗೆ ಎಣಿಸಿದ. ನಲವತ್ತಕ್ಕೆ ಬಂದಾಗ ಕೈ ನಿಲ್ಲಿಸಿ, ಯಾರಾದರೂ ಏನಾದರೂ ಕೇಳುತ್ತಾರೇನೋ ಎಂದು ಕಾದ. ಬೈಪಾಸಿನಲ್ಲಿ ಲಾರಿಯೊಂದು ದಾಟಿಹೋಯಿತು.

"ನಲವತ್ತೊಂದು," ಅಂದ.